ಕರೆಂಟ್ ಕಂಬಕ್ಕೆ ಸೋಲಾರ್ ಪ್ಯಾನೆಲ್ ಕಟ್ಟಿದರೆ ಓಣಿಗೆ ಉಪಯೋಗವಿದೆಯಾ?

ಪ್ರಶ್ನೆ: ನಾವು ಕಲಬುರಗಿಯ ಹೊರವಲಯದ ಒಂದು ಬಡಾವಣೆಯವರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಓಣಿಯ ಕರೆಂಟ್ ಕಂಬಗಳಿಗೆಲ್ಲ ಒಂದೊಂದು ಸೋಲಾರ್ ಪ್ಯಾನೆಲ್ ಕಟ್ಟಿರುವ ಫೋಟೊ ನೋಡಿದೆವು. ನಮ್ಮಲ್ಲಿ ಬಿಸಿಲಿಗೇನು ಬರವಿಲ್ಲ. ನಮ್ಮ ಬಡಾವಣೆಯಲ್ಲಿ ಹತ್ತಿರಹತ್ತಿರ 60 ಕಂಬಗಳಿವೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನವರು ಹೀಗೆ ಯಾಕೆ ಮಾಡುವುದಿಲ್ಲ? ಅವರು ಮಾಡದಿದ್ದರೆ ನಾವೇ ಚಂದಾ ಹಾಕಿ ಕಟ್ಟಿಸಬಹುದಾ? ಕಟ್ಟಿಸಿದರೆ ಬೇಸಿಗೆಯಲ್ಲಿ ಕರೆಂಟ್ ಹೋದಾಗ ಕೂಲರ್ ನಡೆಯುತ್ತದಾ?

ಉತ್ತರ: ಮೂರು ಪ್ರಶ್ನೆಗೂ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಂಬಕ್ಕೆ ಪ್ಯಾನೆಲ್ ಕಟ್ಟುವುದು ಆಗದ ಕೆಲಸವೇನಲ್ಲ. ಆದರೆ ನಮ್ಮ ಊರಿಗೆ, ನಮ್ಮ ಕಂಬಗಳಿಗೆ ಅದು ಹೊಂದುವುದಿಲ್ಲ. ನೀವೇ ಕಟ್ಟಿಸುವ ಹಾಗಿಲ್ಲ, ಅದು ಅಪರಾಧವಾಗುತ್ತದೆ. ಕರೆಂಟ್ ಹೋದಾಗ ಆ ಪ್ಯಾನೆಲ್‌ನಿಂದ ಕೂಲರ್ ನಡೆಯುವುದೂ ಇಲ್ಲ. ಹಾಗಂತ ನಿಮ್ಮ ಆಸೆಯೇ ತಪ್ಪು ಅಂತಲ್ಲ. ಇಡೀ ಓಣಿ ಸೇರಿ ಬಿಸಿಲನ್ನು ದುಡಿಸಿಕೊಳ್ಳಬೇಕು ಅನ್ನುವ ಯೋಚನೆ ಬಹಳ ಒಳ್ಳೆಯದು. ಜಾಗ ಮಾತ್ರ ಬದಲಾಗಬೇಕು. ಕಂಬ ಬಿಟ್ಟು ಮಾಳಿಗೆ ಹತ್ತಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ನ್ಯೂಜೆರ್ಸಿಯ ಕಥೆ. ಅಲ್ಲಿನ ದೊಡ್ಡ ವಿದ್ಯುತ್ ಕಂಪನಿ ಪಿಎಸ್‌ಇ ಅಂಡ್ ಜಿ. 2009ರಲ್ಲಿ ಅದಕ್ಕೆ 80 ಮೆಗಾವ್ಯಾಟ್ ಸೋಲಾರ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅಂದಾಜು ವೆಚ್ಚ 51.5 ಕೋಟಿ ಡಾಲರ್. ಅದರಲ್ಲಿ ಅರ್ಧ, ಅಂದರೆ 40 ಮೆಗಾವ್ಯಾಟ್, ಕಂಬಗಳ ಮೇಲೆ. ಸುಮಾರು 2 ಲಕ್ಷ ಕಂಬ, ಕಂಬಕ್ಕೊಂದು ಪ್ಯಾನೆಲ್, ಒಂದೊಂದು ಸುಮಾರು 200 ವ್ಯಾಟ್. ಪ್ಯಾನೆಲ್ ಐದಡಿ ಉದ್ದ, ಎರಡೂವರೆ ಅಡಿ ಅಗಲ. ನೆಲದಿಂದ ಸುಮಾರು 15 ಅಡಿ ಎತ್ತರದಲ್ಲಿ ಕಟ್ಟಿದರು. ಪ್ರತಿಯೊಂದರ ಬೆನ್ನಿಗೂ ಒಂದು ಪುಟ್ಟ ಇನ್ವರ್ಟರ್. ಅದು ಪ್ಯಾನೆಲ್‌ನ ಡಿಸಿ ಕರೆಂಟನ್ನು ಎಸಿ ಮಾಡಿ ನೇರವಾಗಿ ಕಂಬದ ತಂತಿಗೆ ಸೇರಿಸುತ್ತದೆ. ಬ್ಯಾಟರಿ ಇಲ್ಲ. 2011ರ ಹೊತ್ತಿಗೆ ಕೆಲವು ಊರುಗಳಲ್ಲಿ ಜನ ಗಲಾಟೆಯನ್ನೂ ಮಾಡಿದರು. ಮನೆ ಮುಂದೆ ಇದೇನು ವಿಕಾರ, ಕೇಳದೆ ಕಟ್ಟಿದ್ದೀರಿ ಅಂತ.

ಇಲ್ಲಿ ಒಂದು ಮಾತು ಗಮನಿಸಿ. ಆ ಪ್ಯಾನೆಲ್‌ಗಳು ಕಂಪನಿಯವು. ಅದರ ಕರೆಂಟೂ ಕಂಪನಿಯದೇ. ಕಂಬದ ಎದುರಿನ ಮನೆಯವರಿಗೆ ಬಿಲ್ಲಿನಲ್ಲಿ ಅದರಿಂದ ನೇರ ಲಾಭವಿಲ್ಲ. ಮತ್ತೆ ಯಾಕೆ ಮಾಡಿದರು? ನ್ಯೂಜೆರ್ಸಿ ಸಣ್ಣ ರಾಜ್ಯ, ಜನ ಬಹಳ ದಟ್ಟ. ಖಾಲಿ ನೆಲ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಇಂತಿಷ್ಟು ಸೋಲಾರ್ ಕರೆಂಟ್ ಇರಲೇಬೇಕು ಅಂತ ಅಲ್ಲಿನ ಸರ್ಕಾರದ ನಿಯಮ. ಇಷ್ಟು ಸೋಲಾರ್ ಕರೆಂಟ್ ತಯಾರಾಯಿತು ಅನ್ನುವ ಪ್ರಮಾಣಪತ್ರಗಳಿಗೆ ಆಗ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಇತ್ತು. ಕಂಬಗಳು ಹೇಗೂ ಕಂಪನಿಯ ಕೈಯಲ್ಲಿದ್ದವು. ಯಾರ ಮನೆಯ ಚಾವಣಿಯನ್ನೂ ಕೇಳಬೇಕಿರಲಿಲ್ಲ. ಹೀಗಾಗಿ ಅಲ್ಲಿ ಲೆಕ್ಕ ಕೂಡಿ ಬಂತು. ನಮ್ಮಲ್ಲಿ ಜಾಗದ ಆ ಕೊರತೆಯೇ ಇಲ್ಲ. ನೆಲವೂ ಇದೆ, ಸಮತಟ್ಟಾದ ಮಾಳಿಗೆಗಳಂತೂ ಎಲ್ಲಿ ನೋಡಿದರೂ ಇವೆ.

ಇನ್ನು ನಮ್ಮ ಬಿಸಿಲಿನ ವಿಷಯ. ಜನ ಸುಲಭವಾಗಿ ಎಡವುವುದು ಇಲ್ಲೇ.

ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನ್ಯೂಜೆರ್ಸಿ 40ರ ಆಸುಪಾಸಿನಲ್ಲಿ. ಅಲ್ಲಿ ವರ್ಷದ ಯಾವ ದಿನವೇ ಆಗಲಿ, ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ವಾಲಿರುತ್ತಾನೆ. ಪ್ಯಾನೆಲ್ಲನ್ನು ಕಂಬದ ದಕ್ಷಿಣಕ್ಕೆ ಕಟ್ಟಿ, ಸ್ವಲ್ಪ ಕಡಿದಾಗಿ ನಿಲ್ಲಿಸಿದರೂ ನಡೆಯುತ್ತದೆ. ಕಂಬ ಯಾವಾಗಲೂ ಪ್ಯಾನೆಲ್‌ನ ಬೆನ್ನ ಹಿಂದೆ. ಅದರ ನೆರಳು ಮಧ್ಯಾಹ್ನದಲ್ಲಿ ಪ್ಯಾನೆಲ್ ಮೇಲೆ ಬೀಳುವ ಪ್ರಶ್ನೆಯೇ ಇಲ್ಲ. ನಮ್ಮಲ್ಲಿ ಹಾಗಲ್ಲ. ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಮೇಲೆ ಆಗಸ್ಟ್ ಮೊದಲ ವಾರದವರೆಗೂ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. ಆಗ ಕಂಬದ ತುದಿ, ಅಡ್ಡಪಟ್ಟಿ, ಮೇಲಿನ ತಂತಿಗಳು, ಎಲ್ಲದರ ನೆರಳು ಕೆಳಗಿನ ಪ್ಯಾನೆಲ್‌ನ ಅಂಚಿಗೆ ತಾಗುತ್ತದೆ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ಸರಿದಿರುತ್ತದೆ. ಹಾಗಾಗಿ ಬೆಳಗ್ಗೆ, ಸಂಜೆ ಕಂಬದ ಉದ್ದ ನೆರಳು ಪ್ಯಾನೆಲ್ ಮೇಲೆ ಅಡ್ಡ ಬೀಳುತ್ತದೆ.

ಸಣ್ಣ ನೆರಳು ತಾನೇ, ಏನಾಯ್ತು ಅನ್ನಬಹುದು. ಪ್ಯಾನೆಲ್‌ನ ಒಳಗೆ ಕೋಶಗಳು ಸರಪಳಿಯಾಗಿ ಜೋಡಿಸಿರುತ್ತವೆ. ಒಂದು ಕೋಶಕ್ಕೆ ನೆರಳು ಬಿದ್ದರೆ ಆ ಸಾಲಿನ ಕರೆಂಟೇ ತಡೆಯುತ್ತದೆ. ಒಳಗಿರುವ ಬೈಪಾಸ್ ಡಯೋಡ್ ಆ ಸಾಲನ್ನು ಬಿಟ್ಟು ಉಳಿದದ್ದನ್ನು ನಡೆಸುತ್ತದೆ. ಅಂದರೆ ಗೇಣುದ್ದದ ನೆರಳಿಗೆ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಓಣಿಯ ಬೇವಿನ ಮರ, ಎರಡಂತಸ್ತಿನ ಮನೆ, ಕೇಬಲ್ ಟಿವಿಯವರ ವೈರಿನ ಸುರುಳಿ, ಇವೆಲ್ಲ ಇದರ ಮೇಲೆ.

ನಮ್ಮ ಅಕ್ಷಾಂಶಕ್ಕೆ ಪ್ಯಾನೆಲ್ 15ರಿಂದ 17 ಡಿಗ್ರಿ ಓರೆಯಾಗಿ, ದಕ್ಷಿಣಕ್ಕೆ ಮುಖ ಮಾಡಿ ಇರಬೇಕು. ಹೆಚ್ಚುಕಡಿಮೆ ಮಲಗಿದ ಹಾಗೆ. ಹಾಗೆ ಮಲಗಿದ ಪ್ಯಾನೆಲ್ ಕಂಬದಿಂದ ಒಂದು ಮೀಟರಿಗಿಂತ ಜಾಸ್ತಿ ಹೊರಗೆ ಚಾಚಿಕೊಳ್ಳುತ್ತದೆ. ಪೂರ್ವ ಪಶ್ಚಿಮವಾಗಿ ಹೋಗುವ ರಸ್ತೆಯ ಉತ್ತರ ಬದಿಯಲ್ಲಿ ಕಂಬವಿದ್ದರೆ ಪ್ಯಾನೆಲ್ ರಸ್ತೆಯ ಮೇಲೆ ಬರುತ್ತದೆ. ಹತ್ತಿ ಹೇರಿದ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಹಬ್ಬದ ಮೆರವಣಿಗೆ, ಎಲ್ಲ ಅದರ ಅಡಿಯಲ್ಲೇ ಹೋಗಬೇಕು. ದಕ್ಷಿಣ ಬದಿಯಲ್ಲಿದ್ದರೆ ಯಾರದೋ ಮನೆಯ ಕಾಂಪೌಂಡಿನೊಳಗೆ ಇಣುಕುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ, ಸೆಕೆ ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಅನ್ನುವುದು. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಸೆಕೆ ಅದಕ್ಕೆ ಶತ್ರು. ಕಾರ್ಖಾನೆಯಲ್ಲಿ ಪ್ಯಾನೆಲ್‌ಗೆ ವ್ಯಾಟ್ ಬರೆಯುವುದು ಅದರ ಕೋಶದ ತಾಪ 25 ಡಿಗ್ರಿ ಇದ್ದಾಗ. ಅಲ್ಲಿಂದ ಪ್ರತಿ ಡಿಗ್ರಿ ಏರಿದಾಗಲೂ ಸುಮಾರು 0.35 ಶೇಕಡಾ ಉತ್ಪಾದನೆ ಇಳಿಯುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ, ಗಾಳಿಯ ತಾಪವೇ 42 ಇದ್ದಾಗ, ಕೋಶದ ತಾಪ 65ರಿಂದ 70 ಮುಟ್ಟುತ್ತದೆ. ಅಂದರೆ ಶೇಕಡಾ 14ರಿಂದ 16ರಷ್ಟು ಅಲ್ಲೇ ಹೋಯಿತು. ಈ ಒಂದು ವಿಷಯದಲ್ಲಿ ಮಾತ್ರ ಕಂಬಕ್ಕೆ ಮಾರ್ಕು ಕೊಡಬೇಕು. ಅಲ್ಲಿ ಪ್ಯಾನೆಲ್‌ನ ಹಿಂದೆ ಮುಂದೆ ಗಾಳಿ ಆಡುತ್ತದೆ, ಸ್ವಲ್ಪ ತಂಪಾಗುತ್ತದೆ. ಮಾಳಿಗೆಯ ಮೇಲೂ ಪ್ಯಾನೆಲ್ಲನ್ನು ಎತ್ತರಿಸಿ ಕೂರಿಸಿದರೆ ಅದೇ ಲಾಭ ಸಿಗುತ್ತದೆ.

ಈಗ ಕಂಬದ ತಾಕತ್ತು ನೋಡೋಣ. ನಮ್ಮ ಓಣಿಗಳಲ್ಲಿ ಸಾಮಾನ್ಯವಾಗಿ ಇರುವುದು 8 ಮೀಟರ್ ಉದ್ದದ ಸಿಮೆಂಟ್ ಕಂಬ. ಅದರಲ್ಲಿ ಆರನೇ ಒಂದು ಭಾಗ ಮಣ್ಣಿನಲ್ಲಿ ಹೋಗುತ್ತದೆ. ಮೇಲೆ ಉಳಿಯುವುದು ಆರೂವರೆ ಮೀಟರಿನಷ್ಟು. ಇಂಥ ಕಂಬಗಳನ್ನು ತುದಿಯ ಬಳಿ ಅಡ್ಡಲಾಗಿ 140 ಅಥವಾ 200 ಕೆ.ಜಿ. ಎಳೆತ ತಡೆಯುವ ಹಾಗೆ ಮಾಡಿರುತ್ತಾರೆ. ಆ ಎಳೆತ ತಂತಿಗಳಿಗಾಗಿ ಇಟ್ಟ ಲೆಕ್ಕ. ಈಗ ಮಾರುಕಟ್ಟೆಯಲ್ಲಿ ಸಿಗುವ 540 ವ್ಯಾಟ್ ಪ್ಯಾನೆಲ್ ಎರಡೂವರೆ ಚದರ ಮೀಟರಿಗಿಂತ ದೊಡ್ಡದು, 27–28 ಕೆ.ಜಿ. ತೂಗುತ್ತದೆ. ತೂಕ ದೊಡ್ಡ ಮಾತಲ್ಲ. ಗಾಳಿ ದೊಡ್ಡ ಮಾತು. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ ಎದುರಾದರೆ ಪ್ರತಿ ಚದರ ಮೀಟರಿಗೆ 66 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ. ಇಡೀ ಪ್ಯಾನೆಲ್‌ಗೆ ನೇರವಾಗಿ ಹೊಡೆದರೆ 170 ಕೆ.ಜಿ. ಓರೆಯಾಗಿ ಮಲಗಿದ್ದರೆ ಅಡ್ಡ ಒತ್ತಡ ಕಡಿಮೆ, ಆದರೆ ಗಾಳಿ ಅಡಿಯಿಂದ ನುಗ್ಗಿ ಮೇಲಕ್ಕೆತ್ತುತ್ತದೆ. ಬಿರುಗಾಳಿಯಲ್ಲಿ ಕೊಡೆ ಬಿಚ್ಚಿ ನಿಂತ ಹಾಗೆ. ಅದೂ ಕಂಬದ ಒಂದೇ ಬದಿಗೆ ಚಾಚಿರುವುದರಿಂದ ಕಂಬವನ್ನು ತಿರುಚುತ್ತದೆ. ಸಿಮೆಂಟ್ ಕಂಬ ಬಾಗುವುದನ್ನು ತಡೆಯುತ್ತದೆ, ತಿರುಚುವುದನ್ನು ತಡೆಯುವಷ್ಟು ಗಟ್ಟಿ ಅಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಧೂಳೆದ್ದು ಬರುವ ನಮ್ಮ ಗಾಳಿಮಳೆ ನಿಮಗೆ ಗೊತ್ತೇ ಇದೆ. ಏನೂ ಕಟ್ಟದ ಕಂಬಗಳೇ ಆಗ ಉರುಳುತ್ತವೆ, ಅಲ್ವಾ?

ಇದರ ಜೊತೆ ನಮ್ಮ ಎರೆ ಮಣ್ಣು. ಮಳೆ ಬಂದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ತೊಗರಿಗೆ ಅದು ಬಂಗಾರ, ಕಂಬಕ್ಕೆ ಕಷ್ಟ. ಕಲಬುರಗಿಯಿಂದ ಜೇವರ್ಗಿ ಕಡೆಗೋ ಯಾದಗಿರಿ ಕಡೆಗೋ ಹೋಗುವಾಗ ಹೊಲದಂಚಿನ ಕಂಬಗಳನ್ನು ನೋಡಿ. ಒಂದು ಹೀಗೆ ವಾಲಿದೆ, ಇನ್ನೊಂದು ಹಾಗೆ ವಾಲಿದೆ. ಬುಡಕ್ಕೆ ಸರಿಯಾಗಿ ಕಾಂಕ್ರೀಟ್ ಹಾಕದೆ ನಿಲ್ಲಿಸಿದ ಕಂಬಕ್ಕೆ ಒಂದು ಬದಿಯ ಭಾರ ಸೇರಿಸಿದರೆ ಅದು ವಾಲುವುದು ಇನ್ನೂ ಬೇಗ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ತೊಂದರೆ ಇಷ್ಟಿಲ್ಲ. ಆದರೆ ಗಾಳಿ ಅಲ್ಲೂ ಅದೇ.

ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವುದು ಕಂಬ ಹತ್ತುವ ಮನುಷ್ಯನ ವಿಷಯ. ನ್ಯೂಜೆರ್ಸಿಯಲ್ಲಿ ಕಂಬಗಳು ನಮ್ಮವಕ್ಕಿಂತ ಬಹಳ ಎತ್ತರ. ಅಲ್ಲಿ ಲೈನ್‌ಮ್ಯಾನ್ ಬಕೆಟ್ ಇರುವ ವಾಹನದಲ್ಲಿ ನಿಂತು ಮೇಲೆ ಹೋಗುತ್ತಾನೆ. ನಮ್ಮಲ್ಲಿ ಬಿದಿರಿನ ಏಣಿ ಆನಿಸಿ, ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ರಾತ್ರಿ ಮಳೆಯಲ್ಲೂ ಹತ್ತುತ್ತಾರೆ. ನಿಯಮದ ಪ್ರಕಾರ ಎಲ್‌ಟಿ ತಂತಿ, ಅಂದರೆ ಮನೆಗಳಿಗೆ ಕರೆಂಟ್ ಕೊಡುವ ಕಡಿಮೆ ವೋಲ್ಟೇಜಿನ ತಂತಿ, ರಸ್ತೆ ದಾಟುವಲ್ಲಿ ಕನಿಷ್ಠ 5.8 ಮೀಟರ್, ರಸ್ತೆಯ ಉದ್ದಕ್ಕೆ ಹೋಗುವಲ್ಲಿ 5.5 ಮೀಟರ್ ಎತ್ತರದಲ್ಲಿರಬೇಕು. ಆರೂವರೆ ಮೀಟರ್ ಕಂಬದಲ್ಲಿ ತಂತಿಗೆ ಇಷ್ಟು ಬಿಟ್ಟು, ಕೆಳಗೆ ಲಾರಿಗೆ ದಾರಿ ಬಿಟ್ಟರೆ, ಪ್ಯಾನೆಲ್‌ಗೆ ಸಿಗುವುದು ನಡುವಿನ ಒಂದು ಚಿಕ್ಕ ಜಾಗ. ಸರಿಯಾಗಿ ಏಣಿ ಆನುವ ಜಾಗವೇ ಅದು. ಅದರ ಮೇಲೆ ಕೈಗೆಟುಕುವಷ್ಟರಲ್ಲೇ ಬರಿ ತಂತಿಗಳು. ಬೀದಿದೀಪ ಬದಲಿಸಲು ಬಂದವನು ಪ್ಯಾನೆಲ್‌ನ ಕಬ್ಬಿಣದ ಚೌಕಟ್ಟನ್ನು ಸುತ್ತು ಹಾಕಿ ಮೇಲೆ ಹೋಗಬೇಕು. ಒಂದು ಕೈ ಜಾರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಹೊದಿಕೆ ಇರುವ ಎಬಿ ಕೇಬಲ್ ಎಳೆದಿರುವ ಓಣಿಗಳಲ್ಲಿ ಅಪಾಯ ಕಡಿಮೆ. ಆದರೂ ಏಣಿಗೆ ಅಡ್ಡಿ ಅಡ್ಡಿಯೇ.

ಕರೆಂಟ್ ಹೋದಾಗಿನ ಪ್ರಶ್ನೆಗೂ ಇದಕ್ಕೂ ನಂಟಿದೆ. ಗ್ರಿಡ್‌ಗೆ, ಅಂದರೆ ಕಂಪನಿಯ ವಿದ್ಯುತ್ ಜಾಲಕ್ಕೆ, ಸೇರಿಸುವ ಯಾವ ಸೋಲಾರ್ ಇನ್ವರ್ಟರೇ ಆಗಲಿ, ಲೈನ್‌ನಲ್ಲಿ ಕರೆಂಟ್ ಹೋದ ಎರಡು ಸೆಕೆಂಡಿನೊಳಗೆ ತಾನೂ ಲೈನ್‌ಗೆ ಕರೆಂಟ್ ಬಿಡುವುದನ್ನು ನಿಲ್ಲಿಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಇದು. ಇದು ಕಂಪನಿಗೆ ಅನುಕೂಲವಾಗಲಿ ಅಂತ ಮಾಡಿದ ನಿಯಮವಲ್ಲ. ಲೈನ್ ಆಫ್ ಆಗಿದೆ ಅಂತ ನಂಬಿ ತಂತಿ ಹಿಡಿದವನ ಜೀವ ಉಳಿಸಲು ಮಾಡಿದ್ದು. ಹಾಗಾಗಿ 60 ಕಂಬಕ್ಕೂ ಪ್ಯಾನೆಲ್ ಇದ್ದರೂ, ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಸುಟ್ಟ ದಿನ ಮಟಮಟ ಮಧ್ಯಾಹ್ನದಲ್ಲೂ ಒಂದು ಫ್ಯಾನ್ ತಿರುಗುವುದಿಲ್ಲ. ಮಾಳಿಗೆಯ ಮೇಲೆ ಹಾಕುವ ಆನ್‌ಗ್ರಿಡ್ ಸೋಲಾರ್‌ಗೂ ಇದೇ ಮಾತು. ಮಾರುವವರು ಇದನ್ನು ಬಾಯಿಬಿಟ್ಟು ಹೇಳದೇ ಇರಬಹುದು, ನೀವೇ ಕೇಳಿ ತಿಳಿದುಕೊಳ್ಳಿ.

ಕರೆಂಟ್ ಹೋದಾಗ ಕೂಲರ್ ಬೇಕು ಅಂದರೆ ಬ್ಯಾಟರಿ ಬೇಕೇ ಬೇಕು. ಮನೆಯಲ್ಲಿ 150 ಎಎಚ್‌ನ ಒಂದು 12 ವೋಲ್ಟ್ ಬ್ಯಾಟರಿ ಇದ್ದರೆ ಅದರಲ್ಲಿ ಕೈಗೆ ಸಿಗುವುದು ಸುಮಾರು 1,200 ವ್ಯಾಟ್‌ಅವರ್. ಒಂದು ಕೂಲರ್, ಎರಡು ಫ್ಯಾನ್ ಸೇರಿ 300 ವ್ಯಾಟ್ ಅಂತಿಟ್ಟುಕೊಳ್ಳಿ. ನಾಲ್ಕು ತಾಸು ನಡೆಯುತ್ತದೆ. ಬೇಸಿಗೆಯ ಪವರ್ ಕಟ್‌ಗೆ ಅಷ್ಟು ಸಾಕಾಗಬಹುದು. ಇದನ್ನು ಗ್ರಿಡ್, ಬ್ಯಾಟರಿ ಎರಡರ ಜೊತೆಗೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಮೂಲಕ ಮಾಳಿಗೆಯ ಪ್ಯಾನೆಲ್‌ಗೆ ಜೋಡಿಸಿದರೆ ಹಗಲು ಬ್ಯಾಟರಿಯೂ ತುಂಬುತ್ತದೆ.

ಧೂಳಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ವಾಡಿ, ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟಿನ ಧೂಳಿಗೆ ಬೆಳಗಿನ ಇಬ್ಬನಿ ತಾಗಿದರೆ ಗಾಜಿನ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಅದನ್ನು ಒರೆಸಲೇಬೇಕು. 60 ಕಂಬಕ್ಕೆ, ಹದಿನೈದು ದಿನಕ್ಕೊಮ್ಮೆ, ತಂತಿಯ ಕೆಳಗೆ, ನೀರಿನ ಪೈಪ್ ಹಿಡಿದು ಯಾರು ಹತ್ತುತ್ತಾರೆ? ಮಾಳಿಗೆಯಲ್ಲಾದರೆ ಬೆಳಗ್ಗೆ ಬಿಸಿಲೇರುವ ಮುಂಚೆ ಒಂದು ಬಕೆಟ್ ನೀರು, ಒಂದು ಮೆತ್ತನೆಯ ಬಟ್ಟೆ ಸಾಕು. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಹಾಕಬೇಡಿ. ಬೋರಿನ ಗಡಸು ನೀರು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ, ಒರೆಸಿಬಿಡಿ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ 60 ಕಂಬಗಳಿಗೆ ತಲಾ 330 ವ್ಯಾಟ್ ಪ್ಯಾನೆಲ್ ಅಂತಿಟ್ಟುಕೊಳ್ಳಿ. ಒಟ್ಟು 20 ಕಿಲೋವ್ಯಾಟ್ ಹತ್ತಿರ. ನಮ್ಮ ಕಡೆ ಒಂದು ಕಿಲೋವ್ಯಾಟ್ ಸರಾಸರಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಅಂದರೆ ನೆರಳು, ಧೂಳು ಏನೂ ಇಲ್ಲದಿದ್ದರೆ ದಿನಕ್ಕೆ 80 ಯೂನಿಟ್. ಕಂಬದ ಮೇಲೆ ಅಷ್ಟು ಬರುವುದಿಲ್ಲ. ಅದಕ್ಕೆ 60 ಇನ್ವರ್ಟರ್, 60 ಚೌಕಟ್ಟು, 60 ಕಡೆ ರಿಪೇರಿ. ಅದೇ 20 ಕಿಲೋವ್ಯಾಟ್ ಮಾಳಿಗೆಯ ಮೇಲೆ ಎಷ್ಟು ಜಾಗ ಬೇಡುತ್ತದೆ? ಸುಮಾರು 2,000 ಚದರ ಅಡಿ. ಒಂದು ಕಲ್ಯಾಣ ಮಂಟಪದ ಅಥವಾ ಶಾಲೆಯ ಮಾಳಿಗೆಯಲ್ಲಿ ಹಿಡಿಸುತ್ತದೆ. ಒಂದೇ ಇನ್ವರ್ಟರ್ ಸಾಕು. ಇಲ್ಲವೇ ಏಳು ಮನೆಯವರು ತಲಾ 3 ಕಿಲೋವ್ಯಾಟ್ ಹಾಕಿಕೊಂಡರೆ 21 ಕಿಲೋವ್ಯಾಟ್ ಆಗಿಹೋಯಿತು. ನಿಮ್ಮ ಬಡಾವಣೆಯ ಏಳು ಮಾಳಿಗೆಗಳು ಆ 60 ಕಂಬಗಳಿಗಿಂತ ಜಾಸ್ತಿ ಕೊಡುತ್ತವೆ. ಬಿಲ್ಲಿನ ಲಾಭವೂ ನೇರ ಆ ಮನೆಗಳಿಗೇ.

ಮನೆಗಳಿಗೆ ಈಗ ಪಿಎಂ ಸೂರ್ಯ ಘರ್ ಯೋಜನೆ ಇದೆ. 2024ರ ಫೆಬ್ರವರಿಯಲ್ಲಿ ಶುರುವಾದದ್ದು. 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಮೇಲೆ 78 ಸಾವಿರ ರೂಪಾಯಿ ಸಬ್ಸಿಡಿ. ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಅಲ್ಲಿರುವ ಪಟ್ಟಿಯ ಗುತ್ತಿಗೆದಾರರಿಂದಲೇ ಹಾಕಿಸಬೇಕು. ಭಾರತದಲ್ಲೇ ತಯಾರಾದ ಕೋಶಗಳ ಪ್ಯಾನೆಲ್ ಇದ್ದರೆ ಮಾತ್ರ ಸಬ್ಸಿಡಿ. ಹಾಕಿದವರು ಐದು ವರ್ಷ ನೋಡಿಕೊಳ್ಳಬೇಕು ಅನ್ನುವ ಷರತ್ತೂ ಇದೆ. ಅದನ್ನು ಬರಹದಲ್ಲಿ ಪಡೆದುಕೊಳ್ಳಿ.

ಆದರೆ ಎಲ್ಲರೂ ಓಡಿ ಹೋಗಿ ಅರ್ಜಿ ಹಾಕಿ ಅಂತ ನಾನು ಹೇಳುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ, ವರ್ಷವಿಡೀ ಹಾಗೇ ಇದ್ದರೆ, ಸೋಲಾರ್‌ಗೆ ಹಾಕಿದ ದುಡ್ಡು ವಾಪಸ್ ಬರುವುದು ಬಹಳ ನಿಧಾನ. ನಿಜವಾಗಿ ಉಪಯೋಗ ಆಗುವುದು ಎರಡು ಬಗೆಯ ಮನೆಗಳಿಗೆ. ಒಂದು, ಎಸಿ, ಫ್ರಿಜ್, ಪಂಪು ಇಟ್ಟುಕೊಂಡು ತಿಂಗಳಿಗೆ 250–300 ಯೂನಿಟ್ ದಾಟುವವರು. ಇನ್ನೊಂದು, ಹತ್ತು ತಿಂಗಳು ಮಿತಿಯೊಳಗಿದ್ದು ಏಪ್ರಿಲ್, ಮೇಯಲ್ಲಿ ಎರಡು ಕೂಲರ್ ಹಚ್ಚಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರು. ಹೋದ ವರ್ಷದ ಹನ್ನೆರಡು ಬಿಲ್ ತೆಗೆದು ಮುಂದಿಟ್ಟುಕೊಳ್ಳಿ. ಮೊದಲು ಅದನ್ನು ನೋಡಿ, ಆಮೇಲೆ ಮಾರಾಟಗಾರರ ಮಾತು ಕೇಳಿ. ನಿಮ್ಮ ಟಿಸಿಯಲ್ಲಿ ಇನ್ನೆಷ್ಟು ಸೋಲಾರ್‌ಗೆ ಜಾಗವಿದೆ ಅನ್ನುವುದನ್ನು ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಹಳೇ ಮನೆಯವರಿಗೆ ಒಂದು ಎಚ್ಚರಿಕೆ. ಶಹಾಬಾದ್ ಪರ್ಸಿ (ಚಪ್ಪಡಿ ಕಲ್ಲು) ಹಾಸಿದ ತೊಲೆಗಳ ಮಾಳಿಗೆಗೆ ರಂಧ್ರ ಕೊರೆದು ಬೋಲ್ಟ್ ಹಾಕಿಸಬೇಡಿ. ಕಲ್ಲು ಸೀಳುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಚೌಕಟ್ಟಿನ ಕಾಲುಗಳು ಗೋಡೆಯ ಮೇಲೆ ಭಾರ ಹಾಕುವ ಹಾಗೆ ಕೂರಿಸಬೇಕು. ಆರ್‌ಸಿಸಿ ಇದ್ದರೆ ಚಿಂತೆ ಇಲ್ಲ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗುವವರು, ಹಪ್ಪಳ ಸಂಡಿಗೆ ಒಣಗಿಸುವವರು ಜಾಗ ಹೋಗುತ್ತದೆ ಅಂತ ಹಿಂಜರಿಯುತ್ತಾರೆ. ಆಳೆತ್ತರದ ಚೌಕಟ್ಟು ಹಾಕಿಸಿದರೆ ಅಡಿಯಲ್ಲಿ ಓಡಾಡಬಹುದು. ಹಗಲು ಅದರ ನೆರಳಿಗೆ ಕೆಳಗಿನ ಕೋಣೆಯ ಕಾವೂ ಇಳಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಗಾಳಿ ಹೆಚ್ಚು ಹಿಡಿಯುವುದರಿಂದ ಕಾಲುಗಳ ಬುಡ ಗಟ್ಟಿ ಇರಬೇಕು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಆಣೆಕಲ್ಲಿಗೆ ಗಾಜು ಒಡೆಯುತ್ತದೆ ಅನ್ನುವ ಭಯ ಬೇಡ. ಒಳ್ಳೆ ಪ್ಯಾನೆಲ್‌ಗಳನ್ನು 25 ಮಿಲಿಮೀಟರ್ ದಪ್ಪದ ಮಂಜುಗಡ್ಡೆ ಗುಂಡು ಹೊಡೆದು ಪರೀಕ್ಷೆ ಮಾಡಿರುತ್ತಾರೆ.

ಚಂದಾ ಹಾಕುವ ವಿಷಯ. ಕಂಬ ಜೆಸ್ಕಾಂನ ಆಸ್ತಿ. ಅದಕ್ಕೆ ಒಪ್ಪಿಗೆ ಇಲ್ಲದೆ ಪ್ಯಾನೆಲ್ ಕಟ್ಟಿ ವೈರ್ ಜೋಡಿಸುವುದು 2003ರ ವಿದ್ಯುತ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯ್ದೆಯ ಮಾತು ಬಿಡಿ, ಕಡಿಮೆ ಬೆಲೆಯ ಇನ್ವರ್ಟರ್ ಒಂದು ಸರಿಯಾದ ಹೊತ್ತಿಗೆ ನಿಲ್ಲದೇ ಹೋದರೆ ಲೈನ್‌ಮ್ಯಾನ್ ಸಾಯುತ್ತಾನೆ. ಅದೇ ಚಂದಾ ದುಡ್ಡನ್ನು ಸಮುದಾಯ ಭವನದ ಮಾಳಿಗೆಗೆ ಹಾಕಿ. ನೋಂದಣಿಯಾದ ನಿವಾಸಿಗಳ ಸಂಘಕ್ಕೆ ಸೂರ್ಯ ಘರ್ ಯೋಜನೆಯಲ್ಲೇ ಕಿಲೋವ್ಯಾಟ್‌ಗೆ 18 ಸಾವಿರ ರೂಪಾಯಿ ಸಿಗುತ್ತದೆ. ಬಡಾವಣೆಯ ನೀರಿನ ಪಂಪಿನಂಥ ಎಲ್ಲರಿಗೂ ಸೇರಿದ ಬಳಕೆಗೆ ಅದು. 20 ಕಿಲೋವ್ಯಾಟ್ ಹಾಕಿದರೆ ಸಬ್ಸಿಡಿಯೇ 3 ಲಕ್ಷ 60 ಸಾವಿರ. ಸಂಘ ಇನ್ನೂ ನೋಂದಣಿ ಆಗಿಲ್ಲದಿದ್ದರೆ ಮೊದಲ ಕೆಲಸ ಅದೇ.

ಹಾಗಾದರೆ ಕಂಬಕ್ಕೂ ಸೋಲಾರ್‌ಗೂ ಸಂಬಂಧವೇ ಬೇಡವಾ? ಒಂದು ಕಡೆ ಬೇಕು. ಲೈನ್ ಹೋಗದ ಜಾಗದಲ್ಲಿ. ಚಿಂಚೋಳಿ, ಆಳಂದ ಕಡೆಯ ತಾಂಡಾಗಳ ದಾರಿ, ಊರ ಹೊರಗಿನ ಬಸ್ ನಿಲ್ದಾಣ, ಸ್ಮಶಾನದ ರಸ್ತೆ, ಕೆರೆ ಏರಿ. ಅಲ್ಲಿ ಅದಕ್ಕೆಂದೇ ನಿಲ್ಲಿಸಿದ ಬೇರೆ ಕಬ್ಬಿಣದ ಕಂಬ, ಮೇಲೊಂದು ಪ್ಯಾನೆಲ್, ಬ್ಯಾಟರಿ, ಎಲ್‌ಇಡಿ ದೀಪ. ಇದಕ್ಕೆ ಗ್ರಿಡ್ ಬೇಡ. 20 ವ್ಯಾಟ್ ದೀಪ ರಾತ್ರಿ 11 ತಾಸು ಉರಿಯಲು 220 ವ್ಯಾಟ್‌ಅವರ್ ಬೇಕು. ಮೋಡದ ದಿನಕ್ಕೂ ಸಾಕಾಗಬೇಕಾದರೆ 75ರಿಂದ 100 ವ್ಯಾಟ್ ಪ್ಯಾನೆಲ್, ಎರಡು ರಾತ್ರಿಗಾಗುವಷ್ಟು ಬ್ಯಾಟರಿ ಇರಬೇಕು. ಹಳ್ಳಿಗಳಲ್ಲಿ ಇಂಥ ದೀಪ ಹಾಕಿ ಎರಡು ಮೂರು ವರ್ಷಕ್ಕೆ ಕತ್ತಲಾದದ್ದು ನೀವೂ ನೋಡಿರಬಹುದು. ಸಾಮಾನ್ಯವಾಗಿ ಮೊದಲು ಸಾಯುವುದು ಪ್ಯಾನೆಲ್ ಅಲ್ಲ, ಬ್ಯಾಟರಿ. ಸೀಸದ ಬ್ಯಾಟರಿಯ ಆಯಸ್ಸು 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಕಬ್ಬಿಣದ ಡಬ್ಬಿಯೊಳಗೆ ಅದು ಬೇಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಟೆಂಡರ್ ಮಾತು ಬಂದಾಗ ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿ, ಪ್ಯಾನೆಲ್‌ನ ನೆರಳಿನಲ್ಲಿ ಗಾಳಿ ಆಡುವ ಬೀಗದ ಡಬ್ಬಿ, ಐದು ವರ್ಷದ ವಾರಂಟಿ, ಈ ಮೂರನ್ನೂ ಕೇಳಿ ಬರೆಸಿ.

ನಿಮ್ಮ ಬಡಾವಣೆಯ 60 ಕಂಬಗಳಿಗೆ ಇವತ್ತೇ ಮಾಡಬಹುದಾದ ಕೆಲಸ ಇನ್ನೊಂದಿದೆ, ಪ್ಯಾನೆಲ್ ಇಲ್ಲದೆ. ಹಗಲು ಹೊತ್ತೂ ಉರಿಯುವ ಬೀದಿದೀಪಗಳಿವೆಯಾ ನೋಡಿ. 30 ವ್ಯಾಟ್‌ನ 60 ದೀಪ ಹಗಲು 12 ತಾಸು ಸುಮ್ನೆ ಉರಿದರೆ ದಿನಕ್ಕೆ 21 ಯೂನಿಟ್‌ಗಿಂತ ಜಾಸ್ತಿ ಹೋಗುತ್ತದೆ. ಕಂಬಗಳ ಪ್ಯಾನೆಲ್‌ನಿಂದ ಬರಬಹುದಾದ ಕರೆಂಟಿನ ಕಾಲು ಭಾಗ ಅದು. ಇದನ್ನು ನಿಲ್ಲಿಸಲು ಬೇಕಾದದ್ದು ಒಂದು ಟೈಮರ್ ಸ್ವಿಚ್. ಇನ್ನೂ ಹಳೇ 70 ವ್ಯಾಟ್ ಸೋಡಿಯಂ ದೀಪಗಳಿದ್ದರೆ ಎಲ್‌ಇಡಿಗೆ ಬದಲಿಸಿದಾಗ ಕಂಬಕ್ಕೆ ರಾತ್ರಿಗೆ ಅರ್ಧ ಯೂನಿಟ್ ಉಳಿಯುತ್ತದೆ. ಬೀದಿದೀಪ ಮಹಾನಗರ ಪಾಲಿಕೆಯದು, ಕಂಬ ಮತ್ತು ತಂತಿ ಜೆಸ್ಕಾಂನವು. ಹಾಗಾಗಿ ದೀಪದ ಅರ್ಜಿ ಪಾಲಿಕೆಗೆ ಕೊಡಿ, ಕಂಬದ ನಂಬರುಗಳನ್ನು ಬರೆದು, ಸಂಘದ ಸಹಿ ಹಾಕಿ. ವಾಲಿದ ಕಂಬ, ಜೋತುಬಿದ್ದ ತಂತಿ ಕಂಡರೆ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮಳೆಗಾಲ ಶುರುವಾಗುವ ಮುಂಚೆಯೇ ಮಾಡಿ.